ಕಲೆಯ ಕಸುಬುಗಳು ಒಂದೂರಿನಲ್ಲಿ ಬೇರು ಬಿಡುವುದು ಹೇಗೆ? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಬ್ಬಳ್ಳಿಯಲ್ಲಿ ಪುಸ್ತಕದ ಮುಖಪುಟ, ಆಮಂತ್ರಣ, ಜಾಹೀರಾತುಗಳ ವಿನ್ಯಾಸ ಮಾಡುತ್ತೇನೆ. ನಮ್ಮ ಕಾಕಾ ಗದಗಿನ ಒಂದು ಪ್ರೆಸ್ಸಿನಲ್ಲಿ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತಿದ್ದರು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಗೆಳೆಯರ ಜೊತೆ ಧಾರವಾಡದ ಹಳೆ ಓಣಿಗಳಲ್ಲಿ ಸುತ್ತುತ್ತೇನೆ. ಕಾಲೇಜಿನ ಹುಡುಗರು, ಹುಡುಗಿಯರು ಜೊತೆಗೆ ಬರುತ್ತಾರೆ. ದಾರಿಯಲ್ಲಿ ಅವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಕ್ಲಸ್ಟರ್ ಅಂದರೆ ಏನು? ಒಂದೇ ಕಡೆ ನಾಲ್ಕು ಅಂಗಡಿ ಇದ್ದರೆ ಆಯಿತೇ?

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ನೋಡಿದ್ದೀರಲ್ಲ? ಎಲ್ಲೆಲ್ಲಿಂದಲೋ ರೈತರು ಅಲ್ಲಿಗೇ ಚೀಲ ತರುತ್ತಾರೆ, ಯಾಕೆಂದರೆ ಕೊಳ್ಳುವವರು ಅಲ್ಲಿದ್ದಾರೆ. ಕೊಳ್ಳುವವರೂ ಅಲ್ಲಿಗೇ ಬರುತ್ತಾರೆ, ಯಾಕೆಂದರೆ ಮಾಲು ಅಲ್ಲಿದೆ. ಒಬ್ಬರ ನೆಪದಲ್ಲಿ ಇನ್ನೊಬ್ಬರು. ಹಾಡು, ಪುಸ್ತಕ, ನಾಟಕ, ನೇಯ್ಗೆ, ವಿನ್ಯಾಸ, ವಿಡಿಯೋ ಮಾಡುವವರೂ ಹೀಗೇ ಒಂದೂರಲ್ಲಿ ಸೇರಿಕೊಂಡರೆ ಅದಕ್ಕೆ ಸೃಜನಶೀಲ ಉದ್ಯಮದ ಕ್ಲಸ್ಟರ್ ಅನ್ನುತ್ತಾರೆ.

ಅಂಗಡಿಗಳ ಲೆಕ್ಕ ಇಲ್ಲಿ ಮುಖ್ಯವಲ್ಲ. ಆಲ್ಫ್ರೆಡ್ ಮಾರ್ಷಲ್ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ 1890ರಲ್ಲಿ ಒಂದು ಮಾತು ಬರೆದ. ಒಂದೇ ಕಸುಬಿನವರು ಬಹಳ ಕಾಲ ಒತ್ತೊತ್ತಾಗಿ ಬಾಳಿದರೆ ಆ ಕಸುಬಿನ ಗುಟ್ಟು ಗಾಳಿಯಲ್ಲೇ ಇರುತ್ತದೆ, ಮಕ್ಕಳಿಗೆ ತಮಗೆ ಗೊತ್ತಿಲ್ಲದೇ ಅದು ಬರುತ್ತದೆ ಎಂಬ ಅರ್ಥದ ಮಾತು. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ ವರ್ಷವೂ ಅದೇ.

ಮಾರ್ಷಲ್ ಹೇಳಿದ್ದು ಏನೆಂದು ನನಗೆ ಚೆನ್ನಾಗಿ ಗೊತ್ತು. ಬೇಸಿಗೆ ರಜೆಗೆ ಕಾಕಾನ ಮನೆಗೆ ಹೋದಾಗ ಮಧ್ಯಾಹ್ನ ಬುತ್ತಿ ಕೊಡಲು ಪ್ರೆಸ್ಸಿಗೆ ಹೋಗುತ್ತಿದ್ದೆ. ಸೀಸದ ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇರುತ್ತದೆ. ಎರಡು ರಜೆ ಮುಗಿಯುವುದರೊಳಗೆ ನಾನು ಅದನ್ನು ಸರಸರ ಓದುತ್ತಿದ್ದೆ. ಯಾರೂ ಕೂಡಿಸಿಕೊಂಡು ಕಲಿಸಿರಲಿಲ್ಲ.

ಹಿಂದೂಸ್ತಾನಿ ಸಂಗೀತ ಇಲ್ಲೇ ಯಾಕೆ ಬೆಳೆಯಿತು? ನಾವು ದಕ್ಷಿಣದವರಲ್ಲವೇ?

ಇದು ಎಲ್ಲರೂ ಕೇಳುವ ಪ್ರಶ್ನೆ. "ಇಲ್ಲಿನ ನೀರಿನ ಗುಣ" ಅಂತ ಹಿರಿಯರು ಪ್ರೀತಿಯಿಂದ ಹೇಳುತ್ತಾರೆ. ನಾನು ದಾರಿಯ ಗುಣ ಅನ್ನುತ್ತೇನೆ.

1956ರವರೆಗೆ ಧಾರವಾಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೀರಜ್, ಕೊಲ್ಲಾಪುರ, ಪುಣೆಗಳ ಜೊತೆ ನಮ್ಮ ಓಡಾಟ ಜಾಸ್ತಿ. ದಕ್ಷಿಣದಲ್ಲಿ ಮೈಸೂರು ಅರಮನೆ ಉತ್ತರದ ಉಸ್ತಾದರನ್ನೂ ಕರೆದು ಗೌರವಿಸುತ್ತಿತ್ತು. ಅವರು ಮೈಸೂರಿಗೆ ಹೋಗುವಾಗ, ಬರುವಾಗ ನಡುವೆ ಸಿಗುವ ಊರುಗಳು ನಮ್ಮವು. ಇಳಿದುಕೊಳ್ಳಲು ಮನೆಗಳಿದ್ದವು. ಹಾಡು ಕೇಳುವ ವ್ಯಾಪಾರಿಗಳು, ವಕೀಲರು, ಮಠಗಳು ಇದ್ದವು. ಕಿರಾನಾ ಘರಾನೆಯ (ಹಾಡುಗಾರಿಕೆಯ ಒಂದು ಪರಂಪರೆ) ಉಸ್ತಾದ್ ಅಬ್ದುಲ್ ಕರೀಂ ಖಾನರು ಹೀಗೆ ಈ ಭಾಗಕ್ಕೆ ಬಂದು ಹೋಗುತ್ತಿದ್ದರು. ಅವರಲ್ಲಿ ಕಲಿತವರು ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು.

ಒಬ್ಬ ಗುರು ಊರಲ್ಲಿ ನೆಲೆ ನಿಂತರೆ ಏನಾಗುತ್ತದೆ ನೋಡಿ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಪಾಠಕ್ಕೆ ಹೋಗುತ್ತಿದ್ದರು. ಗದಗ ಜಿಲ್ಲೆಯ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಗುರುವನ್ನು ಹುಡುಕಿ ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಉತ್ತರದ ಊರೂರು ಅಲೆದರು. ಕೊನೆಗೆ ಅವರಿಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ. ಈ ಮಾತು ಹೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಬೇರು ಮೀರಜಿನಿಂದ ಬಂತು. ನೀಲಕಂಠ ಬುವಾ ಅವರಲ್ಲಿ ಮಲ್ಲಿಕಾರ್ಜುನ ಮನ್ಸೂರರು ಕಲಿತರು, ಪಂಚಾಕ್ಷರಿ ಗವಾಯಿಗಳೂ ಕಲಿತರು. ಪಂಚಾಕ್ಷರಿ ಗವಾಯಿಗಳು ಹುಟ್ಟಿದ್ದು ಇಂದಿನ ಹಾವೇರಿ ಜಿಲ್ಲೆಯಲ್ಲಿ. ಕಣ್ಣು ಕಾಣದ ಅವರನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಓದಿಸಿ ಬೆಳೆಸಿದರು. ಅವರು ಕಟ್ಟಿದ ಸಂಗೀತ ಶಾಲೆ ಮೊದಲು ಊರಿಂದ ಊರಿಗೆ ತಿರುಗುತ್ತಿತ್ತು. ಆಮೇಲೆ ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನಿಂತಿತು. ಬಸವರಾಜ ರಾಜಗುರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. 1944ರಲ್ಲಿ ಪಂಚಾಕ್ಷರಿ ಗವಾಯಿಗಳು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮ ನಡೆಸಿದರು. ಕಣ್ಣಿಲ್ಲದ ಸಾವಿರಾರು ಮಕ್ಕಳು ಅಲ್ಲಿ ಊಟ, ವಸತಿ, ಪಾಠ ಮೂರನ್ನೂ ಪಡೆದು ಹಾಡುಗಾರರಾಗಿ, ತಬಲಾ ವಾದಕರಾಗಿ, ಶಾಲೆಯ ಸಂಗೀತ ಮೇಷ್ಟ್ರಾಗಿ ಹೊರಬಂದರು.

ನನ್ನ ಕೇಳಿದರೆ ಇಡೀ ಭಾಗದ ಸಂಗೀತಕ್ಕೆ ತಳಪಾಯ ಈ ಆಶ್ರಮ. ದೊಡ್ಡ ಹೆಸರುಗಳನ್ನು ಎಲ್ಲರೂ ಹೇಳುತ್ತಾರೆ. ಹಳ್ಳಿಯ ಭಜನೆಗೆ ಹಾರ್ಮೋನಿಯಂ ಹಿಡಿಯುವವರು, ಪುರಾಣಕ್ಕೆ ತಬಲಾ ನುಡಿಸುವವರು ಇಲ್ಲದಿದ್ದರೆ ಆ ದೊಡ್ಡವರ ಹಾಡು ಕೇಳಿ ತಲೆದೂಗುವ ಮಂದಿ ಎಲ್ಲಿಂದ ಬರುತ್ತಿದ್ದರು?

ಧಾರವಾಡಕ್ಕೆ ಸಾಹಿತಿಗಳು ಯಾಕೆ ಬಂದರು? ಬೆಟ್ಟ, ಮಳೆ ನೋಡಿ ಬಂದರೇ?

ಮಳೆ ಚೆಂದ, ಸಾಧನಕೇರಿ ಚೆಂದ, ಅದು ನಿಜ. ಆದರೆ ಬಹಳ ಮಂದಿ ಬಂದದ್ದು ಓದಲು, ಇಲ್ಲವೇ ಸಂಬಳಕ್ಕೆ.

1860ರ ದಶಕದಲ್ಲಿ ಈ ಭಾಗದ ಶಾಲೆಗಳಲ್ಲಿ ಮರಾಠಿಯ ಪ್ರಭಾವ ಹೆಚ್ಚಿತ್ತು. ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಹಗಲಿರುಳು ದುಡಿದರು. ಶಾಲೆ ಬಂದರೆ ಮೇಷ್ಟ್ರು ಬೇಕು, ಪಠ್ಯಪುಸ್ತಕ ಬೇಕು, ಅಚ್ಚು ಹಾಕುವವರು ಬೇಕು. 1890ರಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿತು. 1917ರಲ್ಲಿ ಕರ್ನಾಟಕ ಕಾಲೇಜು, 1921ರಲ್ಲಿ 'ಕರ್ಮವೀರ' ವಾರಪತ್ರಿಕೆ, 1933ರಲ್ಲಿ ಜಿ. ಬಿ. ಜೋಶಿಯವರ ಮನೋಹರ ಗ್ರಂಥಮಾಲೆ. 1950ರ ಜನವರಿಯಲ್ಲಿ ಆಕಾಶವಾಣಿ. ಅದೇ ಹೊತ್ತಿಗೆ ಕರ್ನಾಟಕ ವಿಶ್ವವಿದ್ಯಾಲಯವೂ ಮುಂಬಯಿಯಿಂದ ಧಾರವಾಡಕ್ಕೆ ಬಂತು.

ಒಂದರ ಹೆಗಲ ಮೇಲೆ ಇನ್ನೊಂದು ಕೂತಿದೆ, ಅಲ್ವಾ? ಕವಿತೆ ಬರೆದು ಹೊಟ್ಟೆ ತುಂಬುವುದಿಲ್ಲ. ಪಾಠ ಹೇಳಿ, ಪ್ರೂಫ್ ತಿದ್ದಿ, ಪತ್ರಿಕೆಗೆ ಬರೆದು, ರೇಡಿಯೋದಲ್ಲಿ ಮಾತಾಡಿ ತುಂಬಬಹುದು. ಬೇಂದ್ರೆಯವರೂ ಮನ್ಸೂರರೂ ಧಾರವಾಡ ಆಕಾಶವಾಣಿಗೆ ಸಲಹೆಗಾರರಾಗಿದ್ದರು. ಈಗಿನ ಹುಡುಗರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಆಗ ಸರ್ಕಾರದ ಒಂದು ಸಂಸ್ಥೆ ತಿಂಗಳು ತಿಂಗಳು ಕಲಾವಿದರಿಗೆ ಹಣ ಕೊಡುವುದು ಎಷ್ಟು ದೊಡ್ಡ ಆಸರೆ ಅಂತ ಹಳೆಯ ತಬಲಾ ವಾದಕರ ಮನೆಯವರನ್ನು ಕೇಳಿ.

ಮನೋಹರ ಗ್ರಂಥಮಾಲೆಯ 'ಅಟ್ಟ' ಇರುವುದು ಸುಭಾಸ ರಸ್ತೆಯಲ್ಲಿ. ಇಕ್ಕಟ್ಟಾದ ಮೆಟ್ಟಿಲು ಹತ್ತಿ ಹೋಗಬೇಕು. ಓದುಗರು ಮೊದಲೇ ಚಂದಾ ಕಟ್ಟುತ್ತಿದ್ದರು, ಆಮೇಲೆ ಪುಸ್ತಕಗಳು ಮನೆಗೆ ಬರುತ್ತಿದ್ದವು. ಹೀಗಾಗಿ ಹೊಸಬರ ಪುಸ್ತಕ ತರಲು ಧೈರ್ಯ ಬಂತು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಇಲ್ಲಿಂದಲೇ ಹೊರಬಂತು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಅಲ್ಲಿ ಕೂತು ಹಸ್ತಪ್ರತಿ ಓದುತ್ತಿದ್ದರು. ಒಂದು ಕೋಣೆ, ಒಂದಷ್ಟು ಚಹಾ, ಮುಲಾಜಿಲ್ಲದೆ ಓದಿ ಹೇಳುವ ಹಿರಿಯರು. ಬರೆಯುವ ಹುಡುಗರಿಗೆ ಇವತ್ತಿಗೂ ಬೇಕಾದದ್ದು ಇಷ್ಟೇ.

ಗದಗಿಗೆ 'ಮುದ್ರಣ ಕಾಶಿ' ಅಂತ ಹೆಸರು ಹೇಗೆ ಬಂತು?

ಗದಗ ಜಂಕ್ಷನ್. ಹುಬ್ಬಳ್ಳಿ-ಗುಂತಕಲ್ಲು ದಾರಿಯಿಂದ ಸೊಲ್ಲಾಪುರದ ಕಡೆಗೆ ಕವಲೊಡೆಯುವ ರೈಲು ಇಲ್ಲಿಂದ ಹೊರಡುತ್ತದೆ. ಅರಳೆ ವ್ಯಾಪಾರದ ಊರು. ದಲಾಲಿ ಅಂಗಡಿಗೆ ಬಿಲ್ ಪುಸ್ತಕ, ಕೀರ್ದಿ, ಖಾತೆ ಬೇಕು. ಪಕ್ಕದಲ್ಲೇ ಬೆಟಗೇರಿಯ ನೇಕಾರರು. ಸುತ್ತ ನೂರಾರು ಹಳ್ಳಿಯ ಶಾಲೆಗಳು. ನಾಟಕ ಕಂಪನಿಗಳ ಹ್ಯಾಂಡ್‌ಬಿಲ್, ಜಾತ್ರೆಯ ಪತ್ರಿಕೆ, ಮಠಗಳ ಪುರಾಣ ಪುಸ್ತಕ, ಲಗ್ನಪತ್ರಿಕೆ. ಅಚ್ಚಿನ ಕೆಲಸಕ್ಕೆ ಬರವಿರಲಿಲ್ಲ, ಕಾಗದ ರೈಲಿನಲ್ಲಿ ಬರುತ್ತಿತ್ತು, ಪುಸ್ತಕ ರೈಲಿನಲ್ಲಿ ಹೋಗುತ್ತಿತ್ತು.

ಶಿವಕಾಶಿಯದೂ ಇದೇ ಬಗೆಯ ಕತೆ. ಅಲ್ಲಿನ ಇಬ್ಬರು 1920ರ ದಶಕದ ಮೊದಲಲ್ಲಿ ಕಲ್ಕತ್ತಕ್ಕೆ ಹೋಗಿ ಬೆಂಕಿಪೊಟ್ಟಣ ಮಾಡುವುದನ್ನು ಕಲಿತು ಬಂದರು. ಆಮೇಲೆ ಪಟಾಕಿ ಬಂತು. ಪೊಟ್ಟಣಕ್ಕೆ ಅಂಟಿಸುವ ಬಣ್ಣದ ಚೀಟಿಗಾಗಿ ಅಚ್ಚಿನ ಮನೆಗಳು ಬಂದವು. ಇವತ್ತು ಕ್ಯಾಲೆಂಡರ್, ಡೈರಿ ಅಂದರೆ ಶಿವಕಾಶಿ. ಒಂದು ಕಸುಬು ಇನ್ನೊಂದನ್ನು ಬಗಲಲ್ಲಿ ಕರೆದುಕೊಂಡು ಬರುತ್ತದೆ.

ಕಾಕಾ ಹೇಳುತ್ತಿದ್ದರು: ಮೊಳೆ ಜೋಡಿಸುವ ಒಳ್ಳೆಯ ಕಂಪೋಸಿಟರ್ ಕೇಸಿನ (ಅಕ್ಷರಕ್ಕೊಂದು ಮನೆಯಿರುವ ಮೊಳೆಗಳ ಪೆಟ್ಟಿಗೆ) ಕಡೆ ನೋಡುವುದೇ ಇಲ್ಲ, ಕೈಗೆ ಮನೆ ಗೊತ್ತಿರುತ್ತದೆ. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಜಾಸ್ತಿ ಮನೆಗಳು. ಆ ಕೈಗಳು ಪಳಗಲು ವರ್ಷಗಳೇ ಬೇಕಿತ್ತು. ಆಫ್‌ಸೆಟ್ ಬಂತು. ಅದರ ಹಿಂದೆ ಕಂಪ್ಯೂಟರ್, ಡಿಟಿಪಿ, 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳು. ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವು. ಕಾಕಾನ ಮಾಲೀಕರು ಒಂದು ದೀಪಾವಳಿಯ ಮರುವಾರ ಕರೆದು, ಇನ್ನು ಬರುವುದು ಬೇಡ ಅಂದರು. ಇಪ್ಪತ್ತೆರಡು ವರ್ಷದ ಕೆಲಸ. ಕಾಕಾ ಮನೆಗೆ ಬಂದು ಕೈ ತೊಳೆದುಕೊಂಡು ಸುಮ್ನೆ ಕೂತರು. ನನಗೆ ಆಗ ಹದಿನಾಲ್ಕು. ಈ ವಿಷಯದ ಮೇಲೆ ನನಗೆ ಇಷ್ಟು ಕಾಳಜಿ ಯಾಕೆ ಅಂತ ಕೇಳಿದರೆ ಉತ್ತರ ಆ ಸಂಜೆಯಲ್ಲಿದೆ.

ಆದರೆ ಗದಗಿನಲ್ಲಿ ಅಚ್ಚಿನ ಕೆಲಸ ನಿಲ್ಲಲಿಲ್ಲ. ಊರಿಗೆ ಗೊತ್ತಿದ್ದ ವಿದ್ಯೆ ಹೊಸ ಯಂತ್ರಕ್ಕೆ ಹೊಂದಿಕೊಂಡಿತು. ಕಾಗದದ ಗುಣ ಮುಟ್ಟಿ ಹೇಳುವುದು, ಶಾಲೆ ಶುರುವಾಗುವ ಮೊದಲು ಎಷ್ಟು ಪ್ರತಿ ಬೇಕೆಂದು ಅಂದಾಜಿಸುವುದು, ಬೈಂಡಿಂಗ್, ಊರೂರಿನ ಪುಸ್ತಕದಂಗಡಿಗಳ ಪರಿಚಯ. ಇವು ಮೊಳೆಯ ಜೊತೆ ಗುಜರಿಗೆ ಹೋಗಲಿಲ್ಲ. ವಿಜಯ ಸಂಕೇಶ್ವರರ ಮನೆತನದ್ದೂ ಗದಗಿನಲ್ಲಿ ಮುದ್ರಣ, ಪ್ರಕಾಶನದ ಕೆಲಸ. ಅವರು 1976ರಲ್ಲಿ ಒಂದು ಲಾರಿಯಿಂದ ಸಾರಿಗೆ ಶುರು ಮಾಡಿದರು, ಹುಬ್ಬಳ್ಳಿಗೆ ಬಂದರು, 1999ರಲ್ಲಿ 'ವಿಜಯ ಕರ್ನಾಟಕ' ಪತ್ರಿಕೆ ತಂದರು. ಅಚ್ಚು ಗೊತ್ತು, ಊರೂರಿಗೆ ಲಾರಿ ಗೊತ್ತು. ಪತ್ರಿಕೆಗೆ ಈ ಎರಡೂ ಬೇಕು.

ನಾಟಕ ಕಂಪನಿಗಳು ಒಂದೂರಲ್ಲಿ ನಿಲ್ಲುತ್ತಿರಲಿಲ್ಲ. ಅವನ್ನೂ ಕ್ಲಸ್ಟರ್ ಅನ್ನಬಹುದೇ?

ಅನ್ನಬಹುದು. ಅದು ಚಕ್ರ ಕಟ್ಟಿಕೊಂಡ ಕ್ಲಸ್ಟರ್. 1870ರ ದಶಕದಲ್ಲಿ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಮರಾಠಿ ನಾಟಕಗಳ ಅಬ್ಬರ ನೋಡಿ ಕನ್ನಡದಲ್ಲೂ ಆಡಬೇಕೆಂದು ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. ಕೃತಪುರ ಅಂದರೆ ಗದಗು. ಮುಂದೆ ಗರುಡ ಸದಾಶಿವರಾಯರ ಕಂಪನಿಯೂ ಇದೇ ಊರಿನ ಹೆಸರನ್ನು ನಾಡಿನ ತುಂಬ ಒಯ್ದಿತು. ಪುಣ್ಯಾಶ್ರಮವೂ ಮಕ್ಕಳ ಅನ್ನಕ್ಕಾಗಿ ನಾಟಕ ಕಂಪನಿ ನಡೆಸಿತು.

ಒಂದು ಕಂಪನಿ ಅಂದರೆ ನಟರು ಮಾತ್ರ ಅಲ್ಲ. ಪರದೆ ಬರೆಯುವವರು, ಹಾರ್ಮೋನಿಯಂ ಮಾಸ್ತರು, ದರ್ಜಿ, ಅಡುಗೆಯವರು, ತಂಬು ಹಾಕುವವರು, ಹ್ಯಾಂಡ್‌ಬಿಲ್ ಅಚ್ಚು ಹಾಕುವವರು. ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿ ನಾಟಕ ಕಂಪನಿಯಲ್ಲಿ ಹಾಡುತ್ತಿದ್ದರು. ಅಲ್ಲಿ ಅವರ ಕಂಠ ಕೇಳಿಯೇ ನೀಲಕಂಠ ಬುವಾ ಶಿಷ್ಯನನ್ನಾಗಿ ತೆಗೆದುಕೊಂಡದ್ದು. ನಾಟಕ ಇಲ್ಲದಿದ್ದರೆ ಆ ಸಂಗೀತ ಎಲ್ಲಿರುತ್ತಿತ್ತೋ. ಈಗಲೂ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋಗಿ ನೋಡಿ, ಸಾಲಾಗಿ ಕಂಪನಿ ತಂಬುಗಳು ನಿಂತಿರುತ್ತವೆ. ರಾತ್ರಿಯಿಡೀ ಮಂದಿ.

ಹೆಣ್ಣುಮಕ್ಕಳ ಕೆಲಸ ಈ ಲೆಕ್ಕದಲ್ಲಿ ಎಲ್ಲಿದೆ?

ಮನೆಯೊಳಗಿದೆ. ಬೋರ್ಡ್ ಇಲ್ಲ, ಹಾಗಾಗಿ ಕಾಣುವುದಿಲ್ಲ.

ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗೀಟು ಹಾಕಿಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರ್ಗಿ ಹೊಲಿಗೆಯಲ್ಲಿ ಸೀರೆಯ ಒಳಗೂ ಹೊರಗೂ ಒಂದೇ ಚಿತ್ರ ಕಾಣಬೇಕು. ಗೋಪುರ, ತೇರು, ತುಳಸಿಕಟ್ಟೆ, ಆನೆ. ನವಲಗುಂದದ ಜಮಖಾನ ನೇಯುವವರೂ ಹೆಣ್ಣುಮಕ್ಕಳೇ. ಎರಡಕ್ಕೂ ಜಿಐ, ಅಂದರೆ ಇದು ಈ ಸೀಮೆಯದೇ ಎಂಬ ಭೌಗೋಳಿಕ ಗುರುತು, ಸಿಕ್ಕಿದೆ.

ಗುರುತು ಸಿಕ್ಕರೆ ಕೂಲಿ ಏರುತ್ತದೆಯೇ? ತಾನಾಗಿ ಏರುವುದಿಲ್ಲ. ಒಂದು ಸೀರೆಗೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕೂರಬೇಕು. ಕಣ್ಣು ನೋಯುತ್ತದೆ. ನಮ್ಮ ಓಣಿಯ ಒಬ್ಬ ಅಜ್ಜಿ ಮೊಮ್ಮಗಳಿಗೆ ಕಸೂತಿ ಕಲಿಸಿ, "ಬಂಗಾರದಂಥ ವಿದ್ಯೆ, ಆದ್ರ ಇದನ್ನ ನಂಬಿ ಕೂಡಬ್ಯಾಡ" ಅಂದರು. ಆ ಮಾತು ಅವರ ಬಾಯಿಂದ ಬರಬಾರದಿತ್ತು. ಮಶಿನ್ ಕಸೂತಿಯನ್ನು ಕೈ ಕಸೂತಿಯೆಂದು ಮಾರುವುದನ್ನು ನಾವು ಕೊಳ್ಳುವವರೇ ತಡೆಯಬೇಕು. ಹೊಲಿಗೆಯ ಹಿಂಬದಿ ತಿರುಗಿಸಿ ನೋಡಿ. ಮಶಿನ್ನಿನದಾದರೆ ಹಿಂದೆ ಬೇರೆಯೇ ದಾರ ಓಡಿರುತ್ತದೆ.

ಕ್ಲಸ್ಟರಿಗೆ ಹುಟ್ಟು, ಬೆಳವಣಿಗೆ, ಸಾವು ಅಂತ ಹಂತಗಳಿವೆಯಂತೆ. ನಮ್ಮದು ಯಾವ ಹಂತದಲ್ಲಿದೆ?

ಹಾಗೆ ವಿವರಿಸುವವರಿದ್ದಾರೆ. ಮೊದಲು ಒಬ್ಬಿಬ್ಬರು ಬರುತ್ತಾರೆ, ಆಮೇಲೆ ಗುಂಪಾಗುತ್ತದೆ, ಆಮೇಲೆ ಹೆಸರು, ಆಮೇಲೆ ಬಾಡಿಗೆ ಏರಿಕೆ, ಕೊನೆಗೆ ಚದುರುವಿಕೆ. ನ್ಯೂಯಾರ್ಕಿನ ಸೋಹೋದಲ್ಲಿ ಹಾಗೆಯೇ ಆಯಿತು. ಕಾರ್ಖಾನೆಗಳು ಖಾಲಿ ಮಾಡಿದ ಕಟ್ಟಡಗಳಿಗೆ 1960ರ ದಶಕದಲ್ಲಿ ಕಲಾವಿದರು ಸೇರಿಕೊಂಡರು. ಗ್ಯಾಲರಿಗಳು ಬಂದವು, ಹಿಂದೆಯೇ ದುಬಾರಿ ಅಂಗಡಿಗಳು. ಕಲಾವಿದರು ಬಾಡಿಗೆ ಕಟ್ಟಲಾಗದೆ ಹೊರಟರು.

ನಮ್ಮಲ್ಲಿ ನಾನು ಕಂಡದ್ದು ಸ್ವಲ್ಪ ಬೇರೆ. ಒಂದು ಬೇರಿನಿಂದ ಹಲವು ಕೊಂಬೆ ಒಡೆಯುತ್ತವೆ, ಹಳೆ ಕೊಂಬೆ ಒಣಗುವಾಗ ಹೊಸದು ಬಲಿತಿರುತ್ತದೆ. ಧಾರವಾಡದ ಸಪ್ತಾಪುರಕ್ಕೆ ಹೋಗಿ. ಈಗ ಅಲ್ಲಿ ತುಂಬಿರುವುದು ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕೇಂದ್ರಗಳು, ಓದುವ ಕೋಣೆಗಳು, ಪಿಜಿಗಳು, ಖಾನಾವಳಿಗಳು. ಪಿಎಸ್ಐ, ಕೆಎಎಸ್ ಕನಸು ಹೊತ್ತ ಹಳ್ಳಿಯ ಮಕ್ಕಳು. "ಸಾಹಿತ್ಯದ ಊರು ಹಾಳಾಯಿತು" ಅಂತ ಕೆಲವರು ನೊಂದುಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಓದಲೆಂದು ಧಾರವಾಡಕ್ಕೆ ಬರುವುದು ನೂರೈವತ್ತು ವರ್ಷದ ರೂಢಿ. ಅದೇ ಬೇರು, ಹೊಸ ಕೊಂಬೆ. ಆದರೆ ಒಂದು ನಷ್ಟ ಇದೆ. ಪಿಜಿ ಕಟ್ಟಿದರೆ ಬರುವ ಬಾಡಿಗೆಯ ಮುಂದೆ ಹಂಚಿನ ಮನೆಯ ಪಡಸಾಲೆಗೆ ಬೆಲೆ ಇಲ್ಲ. ಸಂಜೆ ತಾಲೀಮು ನಡೆಯುತ್ತಿದ್ದದ್ದು ಆ ಪಡಸಾಲೆಗಳಲ್ಲೇ.

ಹಳೆ ಕಟ್ಟಡಕ್ಕೂ ಕಲೆಗೂ ಅಷ್ಟೊಂದು ನಂಟಿದೆಯೇ?

ಇದೆ. ಹಳೆಯದು ಅಗ್ಗ, ಅದಕ್ಕೇ. ಕರ್ನಾಟಕ ಕಾಲೇಜಿನ ಆ ಭವ್ಯ ಕಟ್ಟಡ ಮೊದಲು ರೈಲ್ವೆ ಕಂಪನಿಯ ಮುಖ್ಯ ಕಚೇರಿಯಾಗಿತ್ತು. ರೈಲ್ವೆಯವರು ಬಿಟ್ಟು ಹೋದರು, ಕಾಲೇಜಿಗೆ ಮನೆ ಸಿಕ್ಕಿತು. ಹೊಸದಾಗಿ ಶುರು ಮಾಡುವವರ ಕೈಯಲ್ಲಿ ದುಡ್ಡಿರುವುದಿಲ್ಲ. ಅವರಿಗೆ ಬೇಕಾದದ್ದು ಅಟ್ಟ, ಗೋದಾಮು, ಹಿತ್ತಲಿನ ಕೋಣೆ.

ಸರ್ಕಾರ ಒಂದು ದೊಡ್ಡ ಕಲಾಭವನ ಕಟ್ಟಿದರೆ ಕ್ಲಸ್ಟರ್ ತಾನಾಗಿ ಬರುತ್ತದೆಯೇ?

ಬರುವುದಿಲ್ಲ. ಕಟ್ಟಡ ಬೇಡ ಅನ್ನುತ್ತಿಲ್ಲ. ಮಳೆಗಾಲದಲ್ಲಿ ನಾಟಕ ಆಡಲು ಸೂರು ಬೇಕು. ಆದರೆ ಕಟ್ಟಡದಲ್ಲಿ ಯಾರು ದಿನಾ ಇರುತ್ತಾರೆ, ಯಾರಿಗೆ ಕಲಿಸುತ್ತಾರೆ, ಅವರ ಊಟಕ್ಕೆ ಏನು ಅನ್ನುವುದು ಮೊದಲು ತೀರ್ಮಾನವಾಗಬೇಕು. ಪುಣ್ಯಾಶ್ರಮದಲ್ಲಿ ಪಾಠ ಮೊದಲು ಬಂತು, ಗೋಡೆ ಆಮೇಲೆ.

ಸರ್ಕಾರದ ಕೈಯಲ್ಲಿ ಕಟ್ಟಡಕ್ಕಿಂತ ದೊಡ್ಡದು ಇನ್ನೊಂದಿದೆ, ನಿಯಮ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. ಬಿಐಎಸ್ (ದೇಶದ ಗುಣಮಟ್ಟ ಅಳೆಯುವ ಸಂಸ್ಥೆ) ಪ್ರಮಾಣ ಪಡೆದು ರಾಷ್ಟ್ರಧ್ವಜ ಮಾಡುತ್ತದೆ. ನೂಲುವುದು, ನೇಯುವುದು, ಬಣ್ಣ, ಚಕ್ರದ ಅಚ್ಚು, ಹೊಲಿಗೆ, ಎಲ್ಲದಕ್ಕೂ ಅಳತೆ. ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಧಾರವಾಡದ ಹತ್ತಿರದ ಗರಗದಲ್ಲೂ ಧ್ವಜದ ಖಾದಿ ನೇಯುವ ಪರಂಪರೆ ಇದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಅವಕಾಶ ಕೊಟ್ಟರು. ಮರುವರ್ಷ ಮನೆ ಮನೆಯಲ್ಲೂ ಧ್ವಜ ಹಾರಿತು. ಬೆಂಗೇರಿಯ ಖಾದಿಗೆ ಮಾತ್ರ ಬೇಡಿಕೆ ಬಿತ್ತು, ಕೆಲಸಗಾರರು ಪ್ರತಿಭಟನೆಗೆ ಕೂತರು. ಅರವತ್ತಕ್ಕೂ ಹೆಚ್ಚು ವರ್ಷ ಕಟ್ಟಿದ್ದನ್ನು ಒಂದು ತಿದ್ದುಪಡಿ ಅಲುಗಿಸಬಲ್ಲದು. ನಿಯಮ ಬರೆಯುವ ಮೊದಲು ಮಗ್ಗದ ಮುಂದೆ ಕೂತವರನ್ನು ಒಂದು ಮಾತು ಕೇಳಬೇಕು.

ಹಾವೇರಿಯಲ್ಲಿ ಏನಿದೆ?

ಗಳಗನಾಥರನ್ನು ನೆನೆಯದೆ ಉತ್ತರ ಶುರುವಾಗುವುದಿಲ್ಲ. ಕನ್ನಡದಲ್ಲಿ ಕಾದಂಬರಿ ಓದುವವರೇ ಇಲ್ಲದ ಕಾಲದಲ್ಲಿ ಅವರು ಬರೆದರು, ಅಚ್ಚು ಹಾಕಿಸಿದರು, ಪುಸ್ತಕ ಹೊತ್ತು ಊರೂರು ತಿರುಗಿ ಮಾರಿದರು. ಅಗಡಿಯ ಆನಂದವನದಿಂದ 'ಸದ್ಬೋಧ ಚಂದ್ರಿಕೆ' ಹೊರಡುತ್ತಿತ್ತು. ಓದುಗರನ್ನು ಹುಟ್ಟಿಸಿದ ಜಿಲ್ಲೆ ಅದು.

ಈಗ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ. ಅದೇ ಊರಿನಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಹಳ್ಳಿಯ ಬದುಕನ್ನು ಸಿಮೆಂಟಿನಲ್ಲಿ ಆಳೆತ್ತರಕ್ಕೆ ನಿಲ್ಲಿಸಿದ್ದಾರೆ. ಅಲ್ಲಿ ಕೆಲಸ ಕಲಿತ ಹುಡುಗರು ಬೇರೆ ಬೇರೆ ಊರುಗಳಲ್ಲಿ ಇಂಥದ್ದೇ ಶಿಲ್ಪ ಮಾಡುತ್ತಾರೆ. ಹೆದ್ದಾರಿಯ ಪಕ್ಕದ ಬಯಲಿನಲ್ಲಿ ಹೀಗೊಂದು ಕಸುಬಿನ ಶಾಲೆ ಹುಟ್ಟಿದ್ದನ್ನು ನಾನು ಬಹಳ ಮೆಚ್ಚುತ್ತೇನೆ.

ಒಂದು ಕ್ಲಸ್ಟರ್ ಬಡವಾಗುತ್ತಿದೆ ಅಂತ ಹೇಗೆ ಗೊತ್ತಾಗುತ್ತದೆ?

ರಿಪೇರಿ ಮಾಡುವವರನ್ನು ನೋಡಿ. ಹಾಡುವವರು ಕೊನೆಯಲ್ಲಿ ಹೋಗುತ್ತಾರೆ, ರಿಪೇರಿಯವರು ಮೊದಲು. ತಬಲಾಕ್ಕೆ ಪುಡಿ, ಅಂದರೆ ಚರ್ಮದ ಮುಚ್ಚಿಗೆ, ಹಾಕುವವರು, ಹಾರ್ಮೋನಿಯಂ ಸ್ವರ ತಿದ್ದುವವರು, ತಂಬೂರಿಯ ಕುದುರೆ ತಿದ್ದಿ ನಾದ ಬರಿಸುವ 'ಜವಾರಿ' ಮಾಡುವವರು. ತಂಬೂರಿ, ಸಿತಾರಿಗೆ ಮೀರಜ್ ಇದೆ, ರೈಲು ಹತ್ತಿದರೆ ಆಯಿತು. ಆದರೆ ಪ್ರತಿ ಸಣ್ಣ ಕೆಲಸಕ್ಕೂ ಊರು ಬಿಟ್ಟು ಹೋಗಬೇಕಾದರೆ ಕಲಿಯುವ ಮಕ್ಕಳು ಕೈ ಬಿಡುತ್ತಾರೆ. ಅಚ್ಚಿನಲ್ಲೂ ಹಾಗೇ. ಹುಬ್ಬಳ್ಳಿಯಲ್ಲಿ ನನಗೆ ವಿನ್ಯಾಸಗಾರರು ಬೇಕಾದಷ್ಟು ಸಿಗುತ್ತಾರೆ. ಕೈಯಿಂದ ಅಚ್ಚುಕಟ್ಟಾಗಿ ಹೊಲಿಗೆ ಬೈಂಡಿಂಗ್ ಮಾಡುವವರನ್ನು ಹುಡುಕಬೇಕು.

ಇನ್ನೊಂದು ಗುರುತು, ಕಲಿಯುವವರ ವಯಸ್ಸು. ಒಂದು ಕಸುಬಿನ ಮನೆಯಲ್ಲಿ ಎಲ್ಲರಿಗೂ ಐವತ್ತು ದಾಟಿದ್ದರೆ ಸನ್ಮಾನದ ಶಾಲು ಹೊದಿಸುವುದರಿಂದ ಏನೂ ಆಗುವುದಿಲ್ಲ.

ಬೆಂಗಳೂರಿಗೆ ಹೋಗದೆ ಇಲ್ಲೇ ಇದ್ದು ಬದುಕಬಹುದೇ?

ಇದನ್ನು ಕೇಳುವಾಗ ಹುಡುಗರ ದನಿ ಸಣ್ಣದಾಗುತ್ತದೆ. ಹಾಗಾಗಿ ಜೋಪಾನವಾಗಿ ಹೇಳುತ್ತೇನೆ.

ಊರು ಬಿಟ್ಟು ಹೋಗುವುದು ತಪ್ಪಲ್ಲ. ಭೀಮಸೇನ ಜೋಶಿಯವರು ಪುಣೆಯಲ್ಲಿ ನೆಲೆಸಿದರು. ಗಂಗೂಬಾಯಿಯವರು ಹುಬ್ಬಳ್ಳಿ ಬಿಡಲಿಲ್ಲ. ಇಬ್ಬರೂ ಒಂದೇ ಗುರುವಿನ ಶಿಷ್ಯರು. ಹೋದವರು ಗುರುವಿನ ಹೆಸರಲ್ಲಿ ಪುಣೆಯಲ್ಲಿ ಸವಾಯಿ ಗಂಧರ್ವ ಉತ್ಸವ ನಡೆಸಿದರು, ದೇಶವೇ ಕುಂದಗೋಳದ ಕಡೆ ತಿರುಗಿ ನೋಡಿತು.

ಇಲ್ಲಿ ಇರುವವರಿಗೆ ಈಗ ಮೊದಲಿಗಿಂತ ದಾರಿ ಜಾಸ್ತಿ. ನಮ್ಮ ಭಾಷೆಯೇ ಒಂದು ಬಂಡವಾಳವಾಗಿದೆ. ಹದಿನೈದು ವರ್ಷದ ಹಿಂದೆ ಉತ್ತರ ಕರ್ನಾಟಕದ ಮಾತು ಪರದೆಯ ಮೇಲೆ ನಗಿಸಲಿಕ್ಕೆ ಮಾತ್ರ ಬರುತ್ತಿತ್ತು. ಇವತ್ತು ಹಳ್ಳಿ ಹುಡುಗರು ಮೊಬೈಲ್ ಹಿಡಿದು ಸ್ವಂತ ಮಾತಿನಲ್ಲಿ ಕಿರುಚಿತ್ರ, ಹಾಡು, ಅಡುಗೆ, ಒಕ್ಕಲುತನದ ವಿಡಿಯೋ ಮಾಡುತ್ತಿದ್ದಾರೆ. ಅವರಿಗೆ ಎಡಿಟಿಂಗ್ ಬೇಕು, ಸಂಗೀತ ಬೇಕು, ಬರೆಯುವವರು ಬೇಕು. ಹೊಸ ಕೊಂಬೆ ಅಂದೆನಲ್ಲ, ಇದೂ ಅದೇ. ಜಾತ್ರೆ ನಾಟಕದ ಹಾಸ್ಯ, ಭಜನೆಯ ತಾಳ ಅದರಲ್ಲಿ ನನಗೆ ಕೇಳಿಸುತ್ತದೆ.

ಕಷ್ಟ ಎಲ್ಲಿದೆ ಅಂದರೆ ದುಡ್ಡಿನ ವಸೂಲಿಯಲ್ಲಿ. ಇಲ್ಲಿ ಪರಿಚಯದ ಮೇಲೆ ಕೆಲಸ ನಡೆಯುತ್ತದೆ. ಪರಿಚಯ ಇದ್ದಲ್ಲಿ ಹಣ ಕೇಳಲು ಸಂಕೋಚ. ನಾನು ಮೊದಲ ಎರಡು ವರ್ಷ ಎಷ್ಟೋ ಮುಖಪುಟಕ್ಕೆ ಒಂದು ರೂಪಾಯಿ ಪಡೆಯಲಿಲ್ಲ. ಒಬ್ಬ ಪ್ರಕಾಶಕರು ಆರು ಪುಸ್ತಕ ಮಾಡಿಸಿಕೊಂಡು ಫೋನ್ ಎತ್ತುವುದನ್ನೇ ಬಿಟ್ಟರು. ಆಮೇಲೆ ನಾವು ಐದು ಜನ ವಿನ್ಯಾಸಗಾರರು ಕೂತು, ಅರ್ಧ ಹಣ ಮುಂಗಡ ಇಲ್ಲದೆ ಯಾರೂ ಕೆಲಸ ಹಿಡಿಯಬಾರದು ಅಂತ ಮಾತು ಮಾಡಿಕೊಂಡೆವು. ಒಬ್ಬರೇ ಕೇಳಿದರೆ ಸಂಕೋಚ, ಐವರೂ ಕೇಳಿದರೆ ಅದು ಪದ್ಧತಿ. ಒಂದೇ ಊರಲ್ಲಿ ಒತ್ತಾಗಿ ಇರುವುದರ ಲಾಭ ಇದು.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಒಬ್ಬ ಹಿರಿಯರನ್ನು ಆರಿಸಿಕೊಳ್ಳಿ. ಪ್ರೆಸ್ಸಿನವರಾಗಲಿ, ಪರದೆ ಬರೆದವರಾಗಲಿ, ಕಸೂತಿ ಹಾಕುವ ಅಜ್ಜಿಯ ಮನೆಯಾಗಲಿ. ಹೋಗುವ ಮುಂಚೆ ಕೇಳಿ ಹೋಗಿ, ಬರಿಗೈಯಲ್ಲಿ ಹೋಗಬೇಡಿ. ಲೈನ್ ಬಜಾರಿನ ಕಾಲು ಕಿಲೋ ಪೇಡೆ ಸಾಕು. ಮೊದಲ ದಿನವೇ ಮೊಬೈಲ್ ತೆಗೆದು ವಿಡಿಯೋ ಮಾಡಬೇಡಿ. ಕೆಲಸ ನೋಡುತ್ತ ಕೂಡಿ. ಅವರು ಹಿಡಿಯುವ ಸಾಮಾನುಗಳ ಹೆಸರು ಬರೆದುಕೊಳ್ಳಿ. ನಮ್ಮ ಕಾಕಾ ಹೇಳಿದ ಅಚ್ಚಿನ ಕೆಲಸದ ಮಾತುಗಳನ್ನು ನಾನು ಬರೆದುಕೊಳ್ಳಲು ಶುರು ಮಾಡಿದಾಗ ಅವರಿಗೆ ಎಪ್ಪತ್ತೊಂದು. ನೂರಾ ನಲವತ್ತು ಮಾತು ಸಿಕ್ಕವು. ಇನ್ನಷ್ಟು ಇದ್ದವು, ಆದರೆ ಅಷ್ಟರಲ್ಲಿ ಅವರಿಗೆ ಮರೆವು ಶುರುವಾಗಿತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಸುಭಾಸ ರಸ್ತೆಯಿಂದ ಹೊರಡುತ್ತೇವೆ. ಹುಬ್ಬಳ್ಳಿಯಿಂದ ಬರುವವರು ಮೊದಲ ಚಿಗರಿ ಬಸ್ ಹಿಡಿದರೆ ಸಾಕು. ಒಂದು ನೋಟ್‌ಬುಕ್, ಒಂದು ಕೊಡೆ ಇರಲಿ.